ಮಿಂಚಂಚೆಯ ಒಪ್ಪೋಲೆ: ಗಣಕ ಪಠ್ಯದ ತಿದ್ದುಪಡಿ ಮತ್ತು ಗ್ರಂಥಸಂಪಾದನೆ

ಹಳೆಯ ಮುದ್ರಿತ ಗ್ರಂಥಗಳ ಕೊನೆಯಲ್ಲಿ ‘ಒಪ್ಪೋಲೆ’ ಎಂಬ ಪುಟವಿರುವುದು ಕನ್ನಡ ಓದುಗರಿಗೆ ಪರಿಚಿತವಾದ ಸಂಗತಿ. ಪುಟ, ಸಾಲು, ತಪ್ಪು, ಒಪ್ಪು ಎಂಬ ನಾಲ್ಕು ಅಂಕಣಗಳಲ್ಲಿ ಅಚ್ಚಿನ ದೋಷಗಳನ್ನು ಪಟ್ಟಿ ಮಾಡಿ, ತಿದ್ದಿಕೊಂಡು ಓದುವ ಹೊಣೆಯನ್ನು ಓದುಗನಿಗೇ ಬಿಡುವ ಕ್ರಮವಿದು. ಇದರ ಮಿತಿಗಳೂ ನಮಗೆ ತಿಳಿದವೇ. ಮರುಮುದ್ರಣದಲ್ಲಿ ಪುಟಸಂಖ್ಯೆ ಬದಲಾದೊಡನೆ ಒಪ್ಪೋಲೆ ನಿರುಪಯುಕ್ತವಾಗುತ್ತದೆ. ತಿದ್ದಿದವರಾರು, ಯಾವ ಆಧಾರದಿಂದ ತಿದ್ದಿದರು ಎಂಬುದು ಅದರಿಂದ ತಿಳಿಯುವುದಿಲ್ಲ. ಇನ್ನು ಅಧ್ಯಾಪಕರು ತಮ್ಮ ಪ್ರತಿಯ ಅಂಚಿನಲ್ಲಿ ಪೆನ್ಸಿಲ್ಲಿನಿಂದ ಮಾಡಿಕೊಂಡ ತಿದ್ದುಪಡಿಗಳಂತೂ ಆ ಪ್ರತಿಯೊಡನೆಯೇ ಕಪಾಟಿನಲ್ಲಿ ಉಳಿದುಬಿಡುತ್ತವೆ. ವಚನಗಳು, ಶಾಸನಗಳು, ಜನಪದ ಪಠ್ಯಗಳು ಗಣಕಕ್ಕೆ ಇಳಿದ ಮೇಲೂ ಈ ಸ್ಥಿತಿ ಹೆಚ್ಚೇನೂ ಬದಲಾಗಿಲ್ಲ. ಒಂದೇ ಪಠ್ಯದ ಹತ್ತು ನಕಲುಗಳು ಹತ್ತು ಜನರ ಗಣಕಗಳಲ್ಲಿ ಹತ್ತು ಬಗೆಯಾಗಿ ತಿದ್ದಿಸಿಕೊಂಡು ಕುಳಿತಿವೆ. ಯಾರೋ ಕಷ್ಟಪಟ್ಟು ಕಂಡುಕೊಂಡ ಶುದ್ಧಪಾಠ ಮತ್ತೊಬ್ಬರಿಗೆ ದೊರೆಯುವ ದಾರಿಯಿಲ್ಲ.

ಗಣಕದ ಕ್ರಮವಿಧಿಗಳನ್ನು ಬರೆಯುವವರು ಇದೇ ತೊಡಕನ್ನು ಎದುರಿಸಿ, ಅದಕ್ಕೊಂದು ಪರಿಹಾರ ಕಂಡುಕೊಂಡಿದ್ದಾರೆ. ಸೋರ್ಸ್ ಕೋಡ್, ಅಂದರೆ ಆಕರ ಸಂಕೇತ, ಎಂಬುದು ಕೊನೆಗೂ ಒಂದು ಪಠ್ಯವೇ. ಅದರಲ್ಲಿ ಮಾಡಿದ ತಿದ್ದುಪಡಿಯನ್ನಷ್ಟೇ ಪ್ರತ್ಯೇಕಿಸಿ ಬರೆದಿಟ್ಟ ಸಣ್ಣ ಕಡತವನ್ನು ‘ಪ್ಯಾಚ್’ ಎನ್ನುತ್ತಾರೆ. ಕನ್ನಡದಲ್ಲಿ ‘ತೇಪೆ’ ಎನ್ನಬಹುದು. ಈ ತೇಪೆಯನ್ನು ಕಮಾಂಡ್ ಲೈನಿನಿಂದ ಮಿಂಚಂಚೆಯ ಮೂಲಕ ಕಳುಹಿಸುವ ಕ್ರಮವನ್ನು ವಿವರಿಸುವುದು, ಅದು ನಮ್ಮ ಗ್ರಂಥಸಂಪಾದನೆಯ ಕೆಲಸಕ್ಕೆ ಎಷ್ಟರಮಟ್ಟಿಗೆ ಒದಗುತ್ತದೆ ಮತ್ತು ಕನ್ನಡ ಲಿಪಿಯ ವಿಷಯದಲ್ಲಿ ಎಲ್ಲಿ ಮುಗ್ಗರಿಸುತ್ತದೆ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಎರಡು ಪಠ್ಯಗಳ ನಡುವಿನ ವ್ಯತ್ಯಾಸವನ್ನು ಸಾಲು ಸಾಲಾಗಿ ಗುರುತಿಸುವ ‘ಡಿಫ್’ ಎಂಬ ಸಾಧನ ೧೯೭೦ರ ದಶಕದಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಹುಟ್ಟಿತು. ಅದರ ಹಿಂದಿನ ಗಣಿತವನ್ನು ಜೇಮ್ಸ್ ಹಂಟ್ ಮತ್ತು ಡಗ್ಲಾಸ್ ಮೆಕ್‌ಇಲ್‌ರಾಯ್ ೧೯೭೬ರ ವರದಿಯೊಂದರಲ್ಲಿ ವಿವರಿಸಿದರು. ವ್ಯತ್ಯಾಸದ ಪಟ್ಟಿಯನ್ನು ಓದಿಕೊಂಡು ಹಳೆಯ ಪಠ್ಯವನ್ನು ತಾನಾಗಿಯೇ ತಿದ್ದುವ ‘ಪ್ಯಾಚ್’ ಕ್ರಮವಿಧಿಯನ್ನು ಲ್ಯಾರಿ ವಾಲ್ ೧೯೮೫ರಲ್ಲಿ ಬಿಡುಗಡೆ ಮಾಡಿದರು. ೧೯೯೧ರಲ್ಲಿ ಆರಂಭವಾದ ಲಿನಕ್ಸ್ ಬೆಳೆದದ್ದು ಹೀಗೆ ಊರೂರುಗಳಿಂದ ಅಂಚೆಯಲ್ಲಿ ಬಂದ ತೇಪೆಗಳಿಂದ. ಆ ಕೆಲಸಕ್ಕಾಗಿಯೇ ಲೀನಸ್ ಟೋರ್ವಾಲ್ಡ್ಸ್ ೨೦೦೫ರ ಏಪ್ರಿಲ್‌ನಲ್ಲಿ ‘ಗಿಟ್’ ಎಂಬ ವ್ಯವಸ್ಥೆಯನ್ನು ರೂಪಿಸಿದರು. ಇಂದಿಗೂ ಲಿನಕ್ಸ್ ಕರ್ನಲ್ ಮತ್ತು ಗಿಟ್ ಎರಡೂ ತಿದ್ದುಪಡಿಗಳನ್ನು ಮಿಂಚಂಚೆಯಲ್ಲಿಯೇ ಸ್ವೀಕರಿಸುತ್ತವೆ.

ತೇಪೆಯ ಸ್ವರೂಪವನ್ನು ಒಂದು ಉದಾಹರಣೆಯಿಂದ ನೋಡಬಹುದು. ಕೃಷ್ಣಾ ನದಿಯ ಬಸವಸಾಗರ ಜಲಾಶಯವಿರುವ ನಾರಾಯಣಪುರದ ಸುತ್ತಿನ ಪ್ರದೇಶ ವಚನ ಮತ್ತು ತತ್ತ್ವಪದ ಪರಂಪರೆಯ ದೃಷ್ಟಿಯಿಂದ ಸಮೃದ್ಧವಾದುದು. ದೇವರ ದಾಸಿಮಯ್ಯನ ಮುದನೂರು, ಕಾಲಜ್ಞಾನ ಪರಂಪರೆಯ ಕೊಡೇಕಲ್, ಮೋನಪ್ಪಯ್ಯನ ತಿಂಥಣಿ ಇವೆಲ್ಲ ಈ ಪರಿಸರದವೇ. ಈ ಊರುಗಳ ಸಾಹಿತ್ಯಿಕ ಮಾಹಿತಿಯನ್ನು ಸಂಶೋಧಕರೊಬ್ಬರು ಸರಳ ಪಠ್ಯಕಡತವೊಂದರಲ್ಲಿ ಬರೆದಿಟ್ಟಿದ್ದಾರೆ ಎಂದು ಭಾವಿಸೋಣ. ಅದಕ್ಕೆ ಬಂದ ತೇಪೆಯೊಂದರ ನಡುಭಾಗ ಹೀಗಿರುತ್ತದೆ:

@@ -೪೧,೭ +೪೧,೭ @@
  ಊರು: ಮುದನೂರು
  ಸಂಬಂಧ: ದೇವರ ದಾಸಿಮಯ್ಯ
  ಅಂಕಿತ: ರಾಮನಾಥ
-ಜಿಲ್ಲೆ: ಗುಲಬರ್ಗಾ
+ಜಿಲ್ಲೆ: ಯಾದಗಿರಿ
  ಊರು: ಕೊಡೇಕಲ್
  ಸಂಬಂಧ: ಕೊಡೇಕಲ್ಲ ಬಸವಣ್ಣ
  ಪ್ರಕಾರ: ಕಾಲಜ್ಞಾನ ವಚನ

ಮೊದಲ ಸಾಲು ಸ್ಥಳಸೂಚಕ: ೪೧ನೆಯ ಸಾಲಿನಿಂದ ಏಳು ಸಾಲುಗಳು ಎಂದು ಅರ್ಥ. ಋಣಚಿಹ್ನೆಯ ಸಾಲು ಹಳೆಯ ಪಾಠ, ಧನಚಿಹ್ನೆಯದು ಹೊಸ ಪಾಠ. ಚಿಹ್ನೆಯಿಲ್ಲದ ಸಾಲುಗಳು ಬದಲಾವಣೆಯ ಹಿಂದುಮುಂದಿನ ಮೂರು ಮೂರು ಸಾಲುಗಳ ಸಂದರ್ಭ. ಒಪ್ಪೋಲೆಗೂ ತೇಪೆಗೂ ಇರುವ ಮುಖ್ಯ ಭೇದ ಈ ಸಂದರ್ಭದ ಸಾಲುಗಳಲ್ಲಿದೆ. ಮೂಲಕಡತದ ಆರಂಭದಲ್ಲಿ ಇನ್ನಾರೋ ಇಪ್ಪತ್ತು ಸಾಲು ಸೇರಿಸಿದ್ದರೂ, ಸುತ್ತಲಿನ ಸಾಲುಗಳ ಗುರುತಿನಿಂದ ತೇಪೆ ತನ್ನ ಜಾಗವನ್ನು ತಾನೇ ಹುಡುಕಿಕೊಳ್ಳುತ್ತದೆ. ಪುಟಸಂಖ್ಯೆಯನ್ನು ನಂಬಿದ ಒಪ್ಪೋಲೆಗೆ ಈ ಸಾಮರ್ಥ್ಯವಿಲ್ಲ.

ಇದೇ ಉದಾಹರಣೆ ಇನ್ನೊಂದು ಪ್ರಶ್ನೆಯನ್ನೂ ಎತ್ತುತ್ತದೆ. ಯಾದಗಿರಿ ಪ್ರತ್ಯೇಕ ಜಿಲ್ಲೆಯಾದದ್ದು ೨೦೦೯ರ ಡಿಸೆಂಬರ್ ಕೊನೆಯಲ್ಲಿ; ಗುಲಬರ್ಗಾ ಕಲಬುರಗಿ ಎಂದಾದದ್ದು ೨೦೧೪ರ ನವೆಂಬರ್ ೧ರಂದು. ಹಾಗಿರುವಾಗ ಮೇಲಿನ ಹಳೆಯ ಪಾಠವು ತಪ್ಪೋ, ಅಥವಾ ಆ ಕಾಲಕ್ಕೆ ಸರಿಯಾಗಿದ್ದು ಈಗ ಬದಲಾಗಬೇಕಾದದ್ದೋ? ವ್ಯತ್ಯಾಸವಿದೆ ಎಂದಷ್ಟೇ ಡಿಫ್ ಹೇಳಬಲ್ಲದು. ಪಾಠದೋಷವೇ ಪಾಠಾಂತರವೇ ಎಂಬ ನಿರ್ಣಯ ಸಂಪಾದಕನದು. ಡಿ. ಎಲ್. ನರಸಿಂಹಾಚಾರ್ಯರು, ಎಂ. ಎಂ. ಕಲಬುರ್ಗಿಯವರು ಗ್ರಂಥಸಂಪಾದನಶಾಸ್ತ್ರವಾಗಿ ನಮಗೆ ಕಟ್ಟಿಕೊಟ್ಟ ವಿವೇಕ ಈ ಕಡೆಯಲ್ಲಿ ಬೇಕಾಗುತ್ತದೆ. ಯಂತ್ರ ಅದನ್ನು ಒದಗಿಸುವುದಿಲ್ಲ. ಆದುದರಿಂದಲೇ ತೇಪೆಯ ಜೊತೆ ಕಾರಣದ ಒಕ್ಕಣೆ ಕಡ್ಡಾಯ.

ಈಗ ಕಳುಹಿಸುವ ಕ್ರಮ. ಇಲ್ಲಿ ಕನ್ನಡ ಅಕ್ಷರಗಳಲ್ಲಿ ಬರೆದ ಆದೇಶಗಳನ್ನು ಗಣಕದಲ್ಲಿ ರೋಮನ್ ಲಿಪಿಯಲ್ಲಿಯೇ ಕೊಡಬೇಕು ಎಂಬುದನ್ನು ಮೊದಲೇ ಹೇಳಬೇಕು. ‘ಗಿಟ್ ಕ್ಲೋನ್’ ಎಂಬ ಆದೇಶ ಮೂಲಪಠ್ಯವನ್ನು ಅದರ ಸಂಪೂರ್ಣ ಇತಿಹಾಸದೊಡನೆ ನಮ್ಮ ಗಣಕಕ್ಕೆ ತರುತ್ತದೆ. ತಿದ್ದಿದ ಬಳಿಕ ‘ಗಿಟ್ ಕಮಿಟ್’ ಎಂದರೆ ತಿದ್ದುಪಡಿ ದಾಖಲಾಗುತ್ತದೆ. ಅಲ್ಲಿ ಒಕ್ಕಣೆ ಬರೆಯಬೇಕು. ಮೊದಲ ಸಾಲು ಚಿಕ್ಕದಾಗಿ, ತಿದ್ದುಪಡಿ ಏನೆಂಬುದನ್ನು ಹೇಳಬೇಕು. ಒಂದು ಖಾಲಿ ಸಾಲು ಬಿಟ್ಟು ಆಧಾರವನ್ನು, ಯಾವ ಮುದ್ರಣ, ಯಾವ ಹಸ್ತಪ್ರತಿ ಎಂಬುದನ್ನು, ವಿವರಿಸಬೇಕು. ‘ತಪ್ಪು ತಿದ್ದಿದೆ’ ಎಂಬ ಒಕ್ಕಣೆ ಏನನ್ನೂ ಹೇಳುವುದಿಲ್ಲ. ಬಳಿಕ ‘ಗಿಟ್ ಫಾರ್ಮ್ಯಾಟ್-ಪ್ಯಾಚ್ -೧’ ಎಂದು ಆದೇಶಿಸಿದರೆ ಕೊನೆಯ ತಿದ್ದುಪಡಿ ಒಂದು ಅಂಚೆಪತ್ರದ ರೂಪ ತಾಳಿ ಕಡತವಾಗುತ್ತದೆ. ಕಳುಹಿಸಿದವರ ಹೆಸರು, ದಿನಾಂಕ, ಆವರಣ ಚಿಹ್ನೆಯೊಳಗೆ ‘ಪ್ಯಾಚ್’ ಎಂಬ ಪದವಿರುವ ವಿಷಯದ ಸಾಲು, ಒಕ್ಕಣೆ, ಮೂರು ಅಡ್ಡಗೆರೆ, ಅದರ ಕೆಳಗೆ ತೇಪೆ ಇದರ ಅನುಕ್ರಮ. ಈ ಮೂರು ಅಡ್ಡಗೆರೆಯ ಕೆಳಗೆ, ತೇಪೆಯ ಮುಂಚೆ, ಬರೆದ ಮಾತು ಸಂಪಾದಕನಿಗೆ ಮಾತ್ರ. ಅದು ಇತಿಹಾಸದಲ್ಲಿ ಉಳಿಯುವುದಿಲ್ಲ. ಗೌರವಪೂರ್ವಕ ವಿನಂತಿ, ಸಂದೇಹ ಮುಂತಾದವುಗಳಿಗೆ ಅದೇ ತಕ್ಕ ಜಾಗ.

ಕೊನೆಯದು ‘ಗಿಟ್ ಸೆಂಡ್-ಇಮೇಲ್’. ಇದಕ್ಕೆ ಮುಂಚಿತವಾಗಿ ಒಮ್ಮೆ ಮಾತ್ರ ನಮ್ಮ ಅಂಚೆ ಸೇವೆಯ ಸರ್ವರಿನ ಹೆಸರು, ದ್ವಾರಸಂಖ್ಯೆ (ಸಾಮಾನ್ಯವಾಗಿ ೫೮೭), ಗೂಢಲಿಪೀಕರಣದ ಬಗೆ ಇವನ್ನು ತಿಳಿಸಿಡಬೇಕು. ಜಿಮೇಲ್ ಬಳಸುವವರು ಒಂದು ಅಂಶ ಗಮನಿಸಬೇಕು. ೨೦೨೨ರ ಮೇ ಅಂತ್ಯದಿಂದ ಖಾತೆಯ ಸಾಮಾನ್ಯ ಗುಪ್ತಪದ ಇಂಥ ಸಾಧನಗಳಲ್ಲಿ ನಡೆಯುವುದಿಲ್ಲ. ಎರಡು ಹಂತದ ಪರಿಶೀಲನೆಯನ್ನು ಚಾಲೂ ಮಾಡಿ, ಹದಿನಾರು ಅಕ್ಷರಗಳ ಪ್ರತ್ಯೇಕ ‘ಆ್ಯಪ್ ಪಾಸ್‌ವರ್ಡ್’ ಪಡೆಯಬೇಕು. ಮೊದಲ ಪತ್ರವನ್ನು ನಮ್ಮ ವಿಳಾಸಕ್ಕೇ ಕಳುಹಿಸಿಕೊಂಡು, ಅದನ್ನು ಮೂಲದ ಇನ್ನೊಂದು ನಕಲಿಗೆ ‘ಗಿಟ್ ಎಎಮ್’ ಆದೇಶದಿಂದ ಹಚ್ಚಿ ನೋಡುವುದು ಒಳ್ಳೆಯ ರೂಢಿ.

ಬ್ರೌಸರಿನಲ್ಲಿ ತೆರೆದ ಅಂಚೆಪೆಟ್ಟಿಗೆಯಲ್ಲಿ ತೇಪೆಯನ್ನು ಅಂಟಿಸಿ ಕಳುಹಿಸಬಾರದೇಕೆ ಎಂಬ ಪ್ರಶ್ನೆ ಸಹಜ. ಅಂಥ ಪೆಟ್ಟಿಗೆಗಳು ಉದ್ದ ಸಾಲುಗಳನ್ನು ಮುರಿಯುತ್ತವೆ, ಟ್ಯಾಬ್‌ಗಳನ್ನು ಬಿಡುಜಾಗಗಳಾಗಿಸುತ್ತವೆ, ಸಾಲಿನ ಆರಂಭದ ಬಿಡುಜಾಗವನ್ನು ನುಂಗುತ್ತವೆ. ಓದುವ ಕಣ್ಣಿಗೆ ಇದರಿಂದ ಬಾಧೆಯಿಲ್ಲ. ತೇಪೆಗೆ ಮಾತ್ರ ಅದು ಮಾರಕ. ಓಲೆಗರಿಯನ್ನು ನಕಲು ಮಾಡುವಾಗ ಪಾದದ ಕೊನೆಯನ್ನು ತನಗೆ ಬೇಕಾದಲ್ಲಿ ಕತ್ತರಿಸಿದ ಲಿಪಿಕಾರನನ್ನು ಇಲ್ಲಿ ನೆನೆಯಬಹುದು. ಕಮಾಂಡ್ ಲೈನಿನ ಸಾಧನ ಇದ್ದುದನ್ನು ಇದ್ದಂತೆ ಒಯ್ಯುತ್ತದೆ. ಮೇಲಾಗಿ, ತಿದ್ದುವ, ದಾಖಲಿಸುವ, ತೇಪೆ ಮಾಡುವ ಹಂತಗಳಿಗೆ ಅಂತರಜಾಲವೇ ಬೇಕಿಲ್ಲ. ಸಂಪರ್ಕ ದುರ್ಬಲವಾಗಿರುವ ಊರಿನಲ್ಲಿ ವಾರವೆಲ್ಲ ಕೆಲಸ ಮಾಡಿ, ಸಂಪರ್ಕ ಸಿಕ್ಕ ಹೊತ್ತಿನಲ್ಲಿ ಕೆಲವೇ ಕಿಲೋಬೈಟುಗಳ ಪತ್ರವನ್ನು ಕಳುಹಿಸಿದರಾಯಿತು.

ಕನ್ನಡ ಲಿಪಿಯ ವಿಷಯಕ್ಕೆ ಬಂದಾಗ ನಿಜವಾದ ತೊಡಕು ಎದುರಾಗುತ್ತದೆ. ನುಡಿ, ಬರಹಗಳ ಹಳೆಯ ಅಕ್ಷರಸಂಕೇತಗಳಲ್ಲಿರುವ ಪಠ್ಯವನ್ನು ಮೊದಲು ಯುನಿಕೋಡಿಗೆ ಪರಿವರ್ತಿಸಲೇಬೇಕು. ಇಲ್ಲವಾದರೆ ಆ ಫಾಂಟ್ ಇಲ್ಲದ ಗಣಕದಲ್ಲಿ ತೇಪೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯಾಗಿ ಕಾಣುತ್ತದೆ. ಆದರೆ ಯುನಿಕೋಡ್ ಆದಮಾತ್ರಕ್ಕೆ ಎಲ್ಲವೂ ಸರಿಯಾಗುವುದಿಲ್ಲ. ಮೇಲಿನ ‘ಕೊಡೇಕಲ್’ ಎಂಬ ಹೆಸರನ್ನೇ ತೆಗೆದುಕೊಳ್ಳೋಣ. ‘ಕೊ’ದಲ್ಲಿರುವ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿ ಬರೆಯಬಹುದು, ಅಥವಾ ಎತ್ವ ಮತ್ತು ಊತ್ವದ ಚಿಹ್ನೆಗಳೆರಡನ್ನು ಸೇರಿಸಿಯೂ ಬರೆಯಬಹುದು. ‘ಡೇ’ಯಲ್ಲಿರುವ ಏತ್ವವೂ ಹಾಗೆಯೇ: ಒಂದು ಸಂಕೇತ, ಅಥವಾ ಎತ್ವ ಮತ್ತು ದೀರ್ಘದ ಚಿಹ್ನೆ. ಮೊದಲ ಬಗೆಯಲ್ಲಿ ಈ ಹೆಸರು ೭ ಸಂಕೇತಗಳ, ಎರಡನೆಯ ಬಗೆಯಲ್ಲಿ ೯ ಸಂಕೇತಗಳ ಸರಣಿ. ಯುಟಿಎಫ್-೮ ಕ್ರಮದಲ್ಲಿ ಪ್ರತಿ ಕನ್ನಡ ಸಂಕೇತಕ್ಕೆ ಮೂರು ಬೈಟುಗಳಾದುದರಿಂದ ಒಂದು ೨೧ ಬೈಟು, ಇನ್ನೊಂದು ೨೭ ಬೈಟು. ಪರದೆಯ ಮೇಲೆ ಎರಡಕ್ಕೂ ಕೂದಲೆಳೆಯ ಭೇದವಿಲ್ಲ. ಆದರೆ ಡಿಫ್‌ಗೆ ಅವು ಬೇರೆ ಬೇರೆ ಪದಗಳು.

ಪರಿಣಾಮವನ್ನು ಊಹಿಸಬಹುದು. ನಮ್ಮ ತೇಪೆಯ ಸಂದರ್ಭದ ಸಾಲಿನಲ್ಲಿ ‘ಕೊಡೇಕಲ್’ ಒಂದು ಬಗೆಯಲ್ಲಿದ್ದು, ಸಂಪಾದಕನ ಪ್ರತಿಯಲ್ಲಿ ಇನ್ನೊಂದು ಬಗೆಯಲ್ಲಿದ್ದರೆ ತೇಪೆ ತಿರಸ್ಕೃತವಾಗುತ್ತದೆ. ಲ್ಯಾರಿ ವಾಲ್ ಅವರ ಪ್ಯಾಚ್ ಸಂದರ್ಭದಲ್ಲಿ ಸ್ವಲ್ಪ ವ್ಯತ್ಯಾಸವನ್ನು ಸಹಿಸುತ್ತದೆ, ಗಿಟ್ ಸಹಿಸುವುದಿಲ್ಲ. ತಪ್ಪೆಲ್ಲಿದೆಯೆಂದು ಕಣ್ಣು ಕೀಲಿಸಿ ನೋಡಿದರೂ ಕಾಣದು. ಅದಕ್ಕಿಂತ ಕೆಟ್ಟದ್ದು, ಕಡತದ ನೂರಾರು ಸಾಲುಗಳು ‘ಬದಲಾಗಿವೆ’ ಎಂದು ತೇಪೆ ತೋರಿಸಿ, ಅವುಗಳ ನಡುವೆ ನಿಜವಾದ ಒಂದೇ ಒಂದು ಪಾಠಶೋಧನೆ ಹೂತುಹೋಗುವುದು. ‘ರ’ಕಾರಕ್ಕೆ ಅರ್ಕಾವೊತ್ತು ಬಾರದಂತೆ ತಡೆಯಲು ಬಳಸುವ ಅಗೋಚರ ಜೋಡಕದ ಕಥೆಯೂ ಇಂಥದೇ, ಅದು ವಿರಾಮಚಿಹ್ನೆಯ ಹಿಂದಿರಬೇಕೋ ಮುಂದಿರಬೇಕೋ ಎಂಬಲ್ಲಿಯೇ ಎರಡು ರೂಢಿಗಳಿವೆ.

ಮೊದಲ ತೊಡಕಿಗೆ ಪರಿಹಾರ ಯುನಿಕೋಡಿನಲ್ಲಿಯೇ ಇದೆ. ಎನ್‌ಎಫ್‌ಸಿ ಎಂಬ ಪ್ರಮಾಣೀಕೃತ ರೂಪಕ್ಕೆ ತಂದರೆ ಎರಡು ತುಂಡಿನ ಸ್ವರಚಿಹ್ನೆಗಳೆಲ್ಲ ಒಂದಾಗುತ್ತವೆ. ಇದನ್ನು ಇಡೀ ಕಡತಕ್ಕೆ ಒಮ್ಮೆ ಮಾಡಿ, ಪ್ರತ್ಯೇಕ ತೇಪೆಯಾಗಿ ಮೊದಲು ಕಳುಹಿಸಬೇಕು. ಪಾಠದ ತಿದ್ದುಪಡಿ ಎರಡನೆಯ ತೇಪೆಯಾಗಬೇಕು. ಎರಡನ್ನೂ ಬೆರೆಸುವುದು ಹಸ್ತಪ್ರತಿಯ ಲಿಪಿರೂಢಿಯನ್ನೂ ಪಾಠಾಂತರವನ್ನೂ ಒಂದೇ ಅಡಿಟಿಪ್ಪಣಿಯಲ್ಲಿ ತುಂಬಿದಂತೆ. ಅಗೋಚರ ಜೋಡಕಕ್ಕೆ ಮಾತ್ರ ಈ ಮದ್ದು ನಾಟುವುದಿಲ್ಲ. ಎನ್‌ಎಫ್‌ಸಿ ಅದನ್ನು ಮುಟ್ಟುವುದಿಲ್ಲವಾದ್ದರಿಂದ ಯಾವ ರೂಢಿಯೆಂದು ಯೋಜನೆಯವರೇ ನಿಶ್ಚಯಿಸಿಕೊಳ್ಳಬೇಕು. ಮತ್ತೊಂದು ಪ್ರಾಯೋಗಿಕ ಮಾತು: ಗದ್ಯದಲ್ಲಿ ಇಡೀ ಕಂಡಿಕೆಯನ್ನು ಒಂದೇ ಸಾಲಾಗಿ ಬರೆದರೆ, ಒಂದಕ್ಷರ ತಿದ್ದಿದರೂ ಕಂಡಿಕೆಯೆಲ್ಲ ಬದಲಾದಂತೆ ತೋರುತ್ತದೆ. ವಾಕ್ಯಕ್ಕೊಂದು ಸಾಲು ಮಾಡುವುದು ಲೇಸು. ವಚನಗಳನ್ನು ಸಾಲು ಮುರಿದು ಅಚ್ಚಿಸುವ ನಮ್ಮ ರೂಢಿ ಈ ಕೆಲಸಕ್ಕೆ ಅನುಕೂಲಕರವಾಗಿಯೇ ಇದೆ.

ಕರ್ತೃತ್ವದ ವಿಷಯದಲ್ಲಿ ಗಿಟ್ ತೋರುವ ಎಚ್ಚರ ನಮ್ಮವರ ಗಮನಕ್ಕೆ ಅರ್ಹವಾದುದು. ಅದು ಪ್ರತಿ ತಿದ್ದುಪಡಿಗೂ ಎರಡು ಹೆಸರುಗಳನ್ನು ಬೇರೆ ಬೇರೆ ದಾಖಲಿಸುತ್ತದೆ: ತಿದ್ದಿದವರದು ಒಂದು, ಸ್ವೀಕರಿಸಿ ಮೂಲಕ್ಕೆ ಸೇರಿಸಿದವರದು ಇನ್ನೊಂದು. ಅಂಚೆಯಲ್ಲಿ ಬಂದ ತೇಪೆಯನ್ನು ಸಂಪಾದಕ ಹಚ್ಚಿದರೂ ತಿದ್ದಿದ ವಿದ್ಯಾರ್ಥಿಯ ಹೆಸರು ಅಳಿಯುವುದಿಲ್ಲ. ಹಸ್ತಪ್ರತಿಯ ಪುಷ್ಪಿಕೆಯಲ್ಲಿ ಕವಿಯೂ ಲಿಪಿಕಾರನೂ ಬೇರೆಯಾಗಿ ಕಾಣಿಸಿಕೊಳ್ಳುವುದಕ್ಕೆ ಇದನ್ನು ಹೋಲಿಸಬಹುದು. ‘ಸೈನ್ಡ್-ಆಫ್-ಬೈ’ ಎಂಬ ರುಜುವಿನ ಸಾಲು ಇದಕ್ಕೆ ಇನ್ನೊಂದು ಸೇರ್ಪಡೆ. ಎಸ್‌ಸಿಒ ಎಂಬ ಕಂಪನಿ ಲಿನಕ್ಸ್‌ನ ಸಂಕೇತದ ಒಡೆತನವನ್ನು ಕುರಿತು ೨೦೦೩ರಲ್ಲಿ ನ್ಯಾಯಾಲಯದ ಮೆಟ್ಟಿಲೇರಿದ ಬಳಿಕ, ೨೦೦೪ರಲ್ಲಿ ಈ ರುಜು ಜಾರಿಗೆ ಬಂದಿತು. ಇದನ್ನು ಕೊಡುವ ಹಕ್ಕು ನನಗಿದೆ ಎಂಬ ಪ್ರಮಾಣ ಅದು. ಸಂಪಾದಿತ ಗ್ರಂಥಗಳಿಂದ ಯಥಾವತ್ತಾಗಿ ಪಾಠವನ್ನೆತ್ತಿ, ಆಕರವನ್ನು ಹೇಳದೆ ಗಣಕಕ್ಕೇರಿಸುವ ಪರಿಪಾಠ ನಮ್ಮಲ್ಲಿ ಇಲ್ಲವೆನ್ನಲಾಗದು. ಇಂಥದೊಂದು ರುಜುವಿನ ಸಾಲು ಆ ವಿಷಯದಲ್ಲಿ ಸ್ವಲ್ಪ ಸಂಕೋಚವನ್ನಾದರೂ ಹುಟ್ಟಿಸೀತು.

ಕನ್ನಡ ವಿದ್ವಾಂಸರ ತಿದ್ದುಪಡಿ ಬೇಕಾಗಿರುವುದು ಸಾಹಿತ್ಯದ ಪಠ್ಯಗಳಿಗಷ್ಟೇ ಅಲ್ಲ. ಲಿನಕ್ಸ್ ಗಣಕಗಳ ತಳದಲ್ಲಿರುವ ‘ಜಿಲಿಬ್‌ಸಿ’ ಎಂಬ ಗ್ರಂಥಾಲಯದಲ್ಲಿ ಕನ್ನಡಕ್ಕೆಂದೇ ಒಂದು ಲೋಕೇಲ್ ಕಡತವಿದೆ. ವಾರಗಳ, ತಿಂಗಳುಗಳ ಕನ್ನಡ ಹೆಸರುಗಳು, ಅವುಗಳ ಸಂಕ್ಷಿಪ್ತ ರೂಪಗಳು ಅಲ್ಲಿರುತ್ತವೆ. ಅಕಾರಾದಿಯ ಕ್ರಮವೂ ಆ ಗ್ರಂಥಾಲಯದಲ್ಲಿಯೇ ನಿರ್ಧಾರವಾಗುತ್ತದೆ. ತಿಂಗಳ ಹೆಸರಿನ ಕಾಗುಣಿತ ಯಾವುದು, ನಿಘಂಟಿನಲ್ಲಿ ಅನುಸ್ವಾರದ ಸ್ಥಾನ ಎಲ್ಲಿ ಎಂಬಂಥ ಪ್ರಶ್ನೆಗಳು ತಂತ್ರಜ್ಞರಿಗಿಂತ ಕನ್ನಡ ವಿಭಾಗಗಳಿಗೆ ಸೇರಿದವು. ಆ ಯೋಜನೆಯೂ ತೇಪೆಗಳನ್ನು ಮಿಂಚಂಚೆಯಲ್ಲಿ ಸ್ವೀಕರಿಸುತ್ತದೆ.

ತೇಪೆ ತಲುಪಿದ ಮೇಲೆ ನಡೆಯುವುದು ಚರ್ಚೆ. ಸಂಪಾದಕರು ತೇಪೆಯ ಸಾಲುಗಳನ್ನು ಉದ್ಧರಿಸಿ, ಆಯಾ ಸಾಲಿನ ಕೆಳಗೇ ಆಕ್ಷೇಪವನ್ನು ಬರೆಯುತ್ತಾರೆ. ಟೀಕಾಸಾಹಿತ್ಯವನ್ನು ಓದಿದವರಿಗೆ ಈ ವಿನ್ಯಾಸ ಹೊಸದಲ್ಲ. ಆಕ್ಷೇಪವನ್ನು ಒಪ್ಪಿದರೆ ತಿದ್ದಿ, ‘ಫಾರ್ಮ್ಯಾಟ್-ಪ್ಯಾಚ್’ ಆದೇಶಕ್ಕೆ ‘-ವಿ೨’ ಎಂದು ಸೇರಿಸಿ ಎರಡನೆಯ ಆವೃತ್ತಿಯನ್ನು ಕಳುಹಿಸಬೇಕು. ಹಿಂದಿನದಕ್ಕಿಂತ ಏನು ಬದಲಾಯಿತೆಂಬುದನ್ನು ಮೂರು ಅಡ್ಡಗೆರೆಯ ಕೆಳಗೆ ಹೇಳಬೇಕು. ಒಪ್ಪದಿದ್ದರೆ ಆಧಾರ ಕೊಟ್ಟು ವಾದಿಸಬೇಕು. ‘ಶೋರಾಪುರ’ ಎಂಬುದನ್ನೆಲ್ಲ ‘ಸುರಪುರ’ ಎಂದು ಬದಲಾಯಿಸುವ ತೇಪೆಯೊಂದು ಬಂದರೆ, ಹಳೆಯ ಇಂಗ್ಲಿಷ್ ದಾಖಲೆಗಳಿಂದ ಅನುವಾದಿಸಿದ ಭಾಗಗಳಲ್ಲಿ ಮೂಲದ ರೂಪ ಉಳಿಯಬೇಕೆಂದು ಸಂಪಾದಕರು ಅದನ್ನು ಹಿಂತಿರುಗಿಸಬಹುದು; ಕಳುಹಿಸಿದವರು ಸಂಪಾದಕೀಯ ಟಿಪ್ಪಣಿಗಳಿಗೆ ಮಾತ್ರ ಅನ್ವಯಿಸುವ ಚಿಕ್ಕ ತೇಪೆಯನ್ನು ಮತ್ತೆ ಕಳುಹಿಸಬಹುದು. ತಿರಸ್ಕೃತವಾದ ಮೊದಲ ತೇಪೆಯೂ, ಅದರ ಮೇಲಿನ ವಾದವೂ ಪತ್ರಗಳ ಸಂಗ್ರಹದಲ್ಲಿ ದಿನಾಂಕಸಹಿತ ಉಳಿದಿರುತ್ತವೆ. ಮುಂದೆ ಅದೇ ಪಠ್ಯವನ್ನು ಕೈಗೆತ್ತಿಕೊಳ್ಳುವವರು ಅವನ್ನು ತೆರೆದು ಓದಬಹುದು.