ಬೆಂಚಿನಿಂದ 39 ಅಂಕದವರೆಗೆ: ಪವನ್ ಸೆಹ್ರಾವತ್ ಬೆಳೆದ ಹಾದಿ

2019ರ ಅಕ್ಟೋಬರ್ 2. ಪ್ರೊ ಕಬಡ್ಡಿ ಲೀಗ್‌ನ ಪಂದ್ಯದಲ್ಲಿ, ಪಂಚಕುಲದ ಅಂಕಣದಲ್ಲಿ, ಬೆಂಗಳೂರು ಬುಲ್ಸ್ ತಂಡ ಹರಿಯಾಣ ಸ್ಟೀಲರ್ಸ್ ತಂಡವನ್ನು 59–36ರಿಂದ ಮಣಿಸಿತು. ಆ 59ರಲ್ಲಿ 39 ಅಂಕ ಒಬ್ಬರೇ ರೈಡರ್ ತಂದದ್ದು: ಪವನ್ ಕುಮಾರ್ ಸೆಹ್ರಾವತ್. ಎದುರಾಳಿ ತಂಡದವರೆಲ್ಲ ಸೇರಿ ಗಳಿಸಿದ್ದಕ್ಕಿಂತ ಮೂರು ಅಂಕ ಹೆಚ್ಚು. 2017ರಲ್ಲಿ ಇದೇ ಹರಿಯಾಣದ ವಿರುದ್ಧ ಪ್ರದೀಪ್ ನರ್ವಾಲ್ ಗಳಿಸಿದ್ದ 34 ರೈಡ್ ಅಂಕಗಳ ದಾಖಲೆ ಅಂದು ಮುರಿಯಿತು.

ತೆಲಂಗಾಣದ ನಾರಾಯಣಪೇಟ, ಮಖ್ತಲ್, ಗದ್ವಾಲ ಸೀಮೆಯ ಕನ್ನಡಿಗರಿಗೆ ಈ ಆಟಗಾರ ಎರಡು ಕಡೆಯಿಂದಲೂ ಹತ್ತಿರ. 1956ರ ನವೆಂಬರ್ 1ರವರೆಗೆ ಗದ್ವಾಲ ರಾಯಚೂರು ಜಿಲ್ಲೆಯ ತಾಲ್ಲೂಕಾಗಿತ್ತು. ರಾಜ್ಯಗಳ ಗೆರೆ ಬದಲಾದರೂ ಕೃಷ್ಣೆಯ ಎರಡೂ ದಂಡೆಗಳ ನಂಟು, ಕೊಡುಕೊಳ್ಳುವಿಕೆ ನಿಲ್ಲಲಿಲ್ಲ. ತೆಲಂಗಾಣ ರಾಜ್ಯ ಹುಟ್ಟಿದ 2014ರಲ್ಲೇ ಪ್ರೊ ಕಬಡ್ಡಿಯೂ ಶುರುವಾಯಿತು. ಭಾಷೆಯ ಪ್ರೀತಿ ಬುಲ್ಸ್ ಕಡೆಗೆ, ರಾಜ್ಯದ ಅಭಿಮಾನ ತೆಲುಗು ಟೈಟನ್ಸ್ ಕಡೆಗೆ ಎಳೆಯುವ ಸೀಮೆ ಇದು. ಟೈಟನ್ಸ್‌ನಲ್ಲೂ ಮೊದಲ ವರ್ಷಗಳಲ್ಲಿ ಕರ್ನಾಟಕದ ಕಾರ್ಕಳ ಕಡೆಯ ಸುಕೇಶ್ ಹೆಗ್ಡೆ ಆಡಿದ್ದರು. ದೆಹಲಿಯಲ್ಲಿ ಬೆಳೆದ ಪವನ್ ಎರಡೂ ತಂಡಗಳ ಜರ್ಸಿ ತೊಟ್ಟರು.

ರೈಡರ್‌ಗೆ ಸಿಗುವುದು 30 ಸೆಕೆಂಡ್. ಮಧ್ಯದ ಗೆರೆಯಿಂದ ಎದುರಿನ ಅಂತಿಮ ಗೆರೆಗೆ ಆರೂವರೆ ಮೀಟರ್. ಉಸಿರು ಕಟ್ಟಿ, 'ಕಬಡ್ಡಿ' ಬಿಡದೆ, ಏಳು ಜನರ ನಡುವೆ ಹೋಗಿ, ಮುಟ್ಟಿ, ಮರಳಬೇಕು. ಇಬ್ಬರು ಡಿಫೆಂಡರ್‌ಗಳು ಕೈ ಕೈ ಹಿಡಿದು ದಾರಿಗೆ ಅಡ್ಡ ಬಂದಾಗ ಬಹಳಷ್ಟು ರೈಡರ್‌ಗಳು ಬಗ್ಗಿ ನುಸುಳಲು ನೋಡುತ್ತಾರೆ. ಪವನ್ ಒಂದು ಹೆಜ್ಜೆ ಗಟ್ಟಿಯಾಗಿ ಊರಿ ಆ ಕೈಗಳ ಮೇಲಿಂದಲೇ ಹಾರುತ್ತಾರೆ. ಗಾಳಿಯಲ್ಲಿರುವಾಗಲೇ ಡಿಫೆಂಡರ್‌ನ ಭುಜಕ್ಕೆ ಕೈ ತಾಗಿರುತ್ತದೆ, ನೆಲ ಮುಟ್ಟುವ ಹೊತ್ತಿಗೆ ಮಧ್ಯದ ಗೆರೆ ಕೈಗೆಟುಕುತ್ತದೆ. 'ಹೈ ಫ್ಲೈಯರ್' ಎಂಬ ಹೆಸರು ಬಂದದ್ದು ಹೀಗೆ.

ಆ ಹೆಸರು ಬರುವ ಮೊದಲು ಅವರು ಕೂತದ್ದು ಬೆಂಚಿನ ಮೇಲೆ. 2016ರಲ್ಲಿ ಬುಲ್ಸ್ ಮೂಲಕ ಲೀಗ್‌ಗೆ ಬಂದರು, ನೆಲೆ ಸಿಗಲಿಲ್ಲ. 2017ರಲ್ಲಿ ಗುಜರಾತ್ ತಂಡ ಸೇರಿದರೂ ಆಡುವ ಅವಕಾಶ ತೀರಾ ಕಡಿಮೆ. ಮರುವರ್ಷ ಬುಲ್ಸ್ ಮತ್ತೆ ಕರೆಯಿತು. ಕೋಚ್ ರಣಧೀರ್ ಸಿಂಗ್ ಪವನ್ ಕೈಗೆ ದಾಳಿಯ ಹೊಣೆ ಕೊಟ್ಟರು. ಆ ಆವೃತ್ತಿಯಲ್ಲಿ 271 ರೈಡ್ ಅಂಕ. 2019ರ ಜನವರಿ 5ರಂದು ಮುಂಬೈನಲ್ಲಿ ನಡೆದ ಫೈನಲ್‌ನಲ್ಲಿ ಎದುರಿಗೆ ನಿಂತದ್ದು ಅದೇ ಗುಜರಾತ್. ಮೊದಲಾರ್ಧದಲ್ಲಿ ಹಿಂದೆ ಬಿದ್ದಿದ್ದ ಬುಲ್ಸ್ 38–33ರಿಂದ ಗೆದ್ದು ಮೊದಲ ಸಲ ಟ್ರೋಫಿ ಎತ್ತಿತು. ಪವನ್ ಗಳಿಸಿದ್ದು 22 ಅಂಕ. ಮುಂದಿನ ಆವೃತ್ತಿಯಲ್ಲಿ 346, ಅದರ ಮುಂದಿನದರಲ್ಲಿ 304 ರೈಡ್ ಅಂಕ. ಎರಡೂ ಬಾರಿ ಲೀಗ್‌ನ ಅಗ್ರ ರೈಡರ್ ಅವರೇ.

2022ರಲ್ಲಿ ತಮಿಳ್ ತಲೈವಾಸ್ 2.26 ಕೋಟಿ ರೂಪಾಯಿ ಕೊಟ್ಟು ಕೊಂಡಿತು. ಅಕ್ಟೋಬರ್‌ನಲ್ಲಿ ಮೊದಲ ಪಂದ್ಯದ ಆರಂಭದಲ್ಲೇ ಮೊಣಕಾಲಿಗೆ ಪೆಟ್ಟು ಬಿತ್ತು, ಇಡೀ ಆವೃತ್ತಿ ಕೈತಪ್ಪಿತು. ಕಾಲನ್ನೇ ನಂಬಿ ಬಾಳುವ ಆಟಗಾರರಿಗೆ ಜಗತ್ತಿನ ಎಲ್ಲ ಕಡೆಯೂ ಇದೇ ಆತಂಕ. ಅಮೆರಿಕನ್ ಫುಟ್‌ಬಾಲ್‌ನಲ್ಲಿ ಚೆಂಡು ಹಿಡಿದು ಎದುರಾಳಿಗಳ ಗೋಡೆ ಸೀಳಿ ಓಡುವ ರನ್ನಿಂಗ್ ಬ್ಯಾಕ್ ಸೇಕ್ವಾನ್ ಬಾರ್ಕ್ಲಿ ಅವರಿಗೆ 2020ರಲ್ಲಿ ಮೊಣಕಾಲಿನ ಲಿಗಮೆಂಟ್ ಹರಿದಿತ್ತು. 2024ರಲ್ಲಿ ಫಿಲಡೆಲ್ಫಿಯಾ ಈಗಲ್ಸ್ ಪರ ಅವರು ಓಡಿದ್ದು 2,005 ಗಜ. ತಂಡ ಆ ಆವೃತ್ತಿಯ ಫೈನಲ್ ಪಂದ್ಯವಾದ ಸೂಪರ್ ಬೌಲನ್ನೂ ಗೆದ್ದಿತು. ಪವನ್ ಕೂಡ ಹೀಗೆಯೇ ಮರಳಿದರು. ಪೆಟ್ಟು ಬಿದ್ದು ವರ್ಷ ತುಂಬುವ ಹೊತ್ತಿಗೆ, 2023ರ ಅಕ್ಟೋಬರ್ 7ರಂದು, ಹಾಂಗ್‌ಝೌ ಏಷ್ಯನ್ ಗೇಮ್ಸ್ ಫೈನಲ್‌ನಲ್ಲಿ ಭಾರತದ ನಾಯಕರಾಗಿದ್ದರು. ಸ್ಕೋರು 28–28 ಇದ್ದಾಗ ಅವರದೇ ರೈಡ್ ಕುರಿತ ನಿಯಮದ ತಕರಾರಿನಿಂದ ಆಟ ಬಹಳ ಹೊತ್ತು ನಿಂತಿತು. ಕೊನೆಗೆ ಇರಾನ್ ವಿರುದ್ಧ 33–29ರ ಗೆಲುವು, 2018ರಲ್ಲಿ ಕಳೆದುಕೊಂಡಿದ್ದ ಚಿನ್ನ ಮರಳಿ ಕೈಗೆ ಬಂತು.

ಅದರ ಬೆನ್ನಲ್ಲೇ ನಡೆದ ಹರಾಜಿನಲ್ಲಿ ತೆಲುಗು ಟೈಟನ್ಸ್ 2.605 ಕೋಟಿಗೆ ಅವರನ್ನು ಪಡೆಯಿತು. ಅಲ್ಲಿಯವರೆಗಿನ ಲೀಗ್‌ನ ಅತಿ ದೊಡ್ಡ ಮೊತ್ತ. ಆ ಆವೃತ್ತಿಯಲ್ಲಿ ಪವನ್ 202 ರೈಡ್ ಅಂಕ ತಂದರು. ಆದರೆ ತಂಡ 22 ಪಂದ್ಯಗಳಲ್ಲಿ ಗೆದ್ದದ್ದು ಎರಡೇ, ನಿಂತದ್ದು ಪಟ್ಟಿಯ ತಳದಲ್ಲಿ. ಕಬಡ್ಡಿಯ ನಿಯಮದಲ್ಲೇ ಇದಕ್ಕೆ ಕಾರಣವಿದೆ. ಔಟಾದ ರೈಡರ್ ತಾನಾಗಿ ಒಳಗೆ ಬರಲಾರ. ಸಾಮಾನ್ಯವಾಗಿ ಜೊತೆಗಾರ ಎದುರಾಳಿಯನ್ನು ಔಟ್ ಮಾಡಿದರೆ ಅವನಿಗೆ ಮರುಜೀವ. ಡಿಫೆನ್ಸ್ ಹಿಡಿಯದಿದ್ದರೆ, ಎರಡನೇ ರೈಡರ್ ಅಂಕ ತರದಿದ್ದರೆ, ಎಂಥ ದೊಡ್ಡ ಆಟಗಾರನೂ ಹೊರಗೆ ಕೂತು ನೋಡಬೇಕಾಗುತ್ತದೆ.

ಪವನ್ ಅವರ ವೃತ್ತಿ ಬದುಕೂ ಈ ನಿಯಮಕ್ಕೆ ಹೊರತಲ್ಲ. ಗುಜರಾತ್ ಬೆಂಚಿನಿಂದ ಅವರನ್ನು ಒಳಗೆ ಕರೆತಂದದ್ದು ಬುಲ್ಸ್ ಇಟ್ಟ ನಂಬಿಕೆ. ಮೊಣಕಾಲಿನ ಪೆಟ್ಟಿನ ನಂತರ ಒಳಗೆ ತಂದದ್ದು ರಾಷ್ಟ್ರೀಯ ತಂಡ ಒಪ್ಪಿಸಿದ ನಾಯಕತ್ವ. ಅವರಿಗೆ ಸಿಕ್ಕ ಅರ್ಜುನ ಪ್ರಶಸ್ತಿಯ ಗೌರವದಲ್ಲಿ ಆ ನಂಬಿಕೆಗೂ ಪಾಲಿದೆ.

ಗಡಿಯ ಊರುಗಳಲ್ಲಿ ಮಣ್ಣಿನ ಮೇಲೆ ಕಬಡ್ಡಿ ಆಡುವ ಹುಡುಗ ಹುಡುಗಿಯರಿಗೆ ಹಾರುವುದನ್ನು ಕಲಿಸಲು ಟಿವಿ ಸಾಕು. ಮ್ಯಾಟ್ ಹಾಸುವುದು, ಬಿದ್ದವರ ಮೊಣಕಾಲಿಗೆ ಆರೈಕೆ ಮಾಡಿಸುವುದು, ಒಂದು ಟೂರ್ನಿಯಲ್ಲಿ ಸೋತವರನ್ನು ಮುಂದಿನ ಟೂರ್ನಿಗೂ ಆರಿಸುವುದು ದೊಡ್ಡವರ ಕೆಲಸ. ಬೆಂಚಿನಲ್ಲಿ ಕೂತ ಹುಡುಗನನ್ನು 2018ರಲ್ಲಿ ಯಾರೂ ಮತ್ತೆ ಕರೆಯದಿದ್ದರೆ ಪಂಚಕುಲದ 39 ಅಂಕಗಳೂ ಇರುತ್ತಿರಲಿಲ್ಲ, ಹಾಂಗ್‌ಝೌನಲ್ಲಿ ಚಿನ್ನ ಗೆದ್ದ ತಂಡಕ್ಕೆ ಈ ನಾಯಕನೂ ಸಿಗುತ್ತಿರಲಿಲ್ಲ.