ಒಬ್ಬರು ಬಿಟ್ಟರೆ ಪಕ್ಕದವರೂ
ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಹೃದಯ ಅಧ್ಯಯನದ 12,067 ಜನರ ನಂಟು, ಸ್ನೇಹಗಳನ್ನು ಸಂಶೋಧಕರಾದ ನಿಕೋಲಸ್ ಕ್ರಿಸ್ಟಾಕಿಸ್ ಮತ್ತು ಜೇಮ್ಸ್ ಫೌಲರ್ 1971ರಿಂದ 2003ರವರೆಗಿನ ದಾಖಲೆಗಳಲ್ಲಿ ಜಾಲಾಡಿದರು. 2008ರಲ್ಲಿ ಫಲಿತಾಂಶ ಪ್ರಕಟವಾಯಿತು. ಗಂಡನೋ ಹೆಂಡತಿಯೋ ಸಿಗರೇಟು ಬಿಟ್ಟರೆ ಸಂಗಾತಿ ಸೇದುವ ಸಾಧ್ಯತೆ ಶೇ. 67ರಷ್ಟು ತಗ್ಗುತ್ತಿತ್ತು, ಗೆಳೆಯ ಬಿಟ್ಟರೆ ಶೇ. 36, ಒಡಹುಟ್ಟಿದವರು ಬಿಟ್ಟರೆ ಬರೀ 25. ಅಣ್ಣನ ಮಾತಿಗೆ ಅಲ್ಲೂ ಬೆಲೆ ಕಡಿಮೆಯೇ!

ಚಹಾದಂಗಡಿ ಮುಂದೆ ಮೊದಲ ದಮ್ ಎಳೆಸಿದ ಗೆಳೆಯರೇ ಬಿಡಿಸುವುದಕ್ಕೂ ಒದಗಬಹುದು ಎಂದಾಯಿತು.

ಜೊತೆಗಾರರಿಲ್ಲದವರಿಗೆ ಫೋನಿದೆ. ಸಿಗರೇಟು ಪ್ಯಾಕಿನ ಮೇಲೆಯೇ ಅಚ್ಚಾಗಿರುವ 1800-11-2356ಕ್ಕೆ ಉಚಿತವಾಗಿ ಕರೆ ಮಾಡಿದರೆ ಆಪ್ತಸಮಾಲೋಚಕರು ಬಿಡುವ ದಿನ ಗೊತ್ತುಮಾಡಲು ನೆರವಾಗುತ್ತಾರೆ. ಆಮೇಲೂ ತಾವಾಗಿಯೇ ಕರೆಮಾಡಿ ವಿಚಾರಿಸುತ್ತಾರೆ. ಈ ಸಹಾಯವಾಣಿಯ ಬೆಂಗಳೂರಿನ ನಿಮ್ಹಾನ್ಸ್ ಕೇಂದ್ರದವರೊಡನೆ ಕನ್ನಡದಲ್ಲೇ ಮಾತಾಡಬಹುದು. ದೇಹವಂತೂ ತಡಮಾಡುವುದಿಲ್ಲ: ಕೊನೆಯ ಸಿಗರೇಟು ಆರಿಸಿದ 20 ನಿಮಿಷಕ್ಕೇ ಏರಿದ್ದ ಎದೆಬಡಿತ ಇಳಿಯತೊಡಗುತ್ತದೆ.