ಬಲೆಗೆ ಹತ್ತಿದ ಅರ್ಧ ಬಣ್ಣ

ಮುಂಬಯಿಯ ದಹಿಸರಿನ ನಮ್ಮ ಮನೆಯಲ್ಲಿ ಅಕ್ಕನ ಮಗಳಿಗೆ ನಾನು ಲೋಗೊ ಕಲಿಸುತ್ತಿದ್ದೇನೆ, ಕನ್ನಡದಲ್ಲೇ. 1967ರಲ್ಲಿ ಸೀಮೋರ್ ಪ್ಯಾಪರ್ಟ್ ಮತ್ತು ಸಂಗಡಿಗರು ಮಕ್ಕಳಿಗಾಗಿ ಕಟ್ಟಿದ ಪ್ರೋಗ್ರಾಮಿಂಗ್ ಭಾಷೆ ಇದು. ‘ಮುಂದೆ 100’ ಎಂದರೆ ಪರದೆಯ ಆಮೆ ಗೆರೆ ಎಳೆಯುತ್ತಾ ಮುಂದೆ ಹೋಗುತ್ತದೆ. ಲೋಗೊವನ್ನು ಕನ್ನಡಕ್ಕೆ ತಂದ ಯು.ಬಿ. ಪವನಜ ಇದೇ ಮುಂಬಯಿಯ ಭಾಭಾ ಅಣು ಸಂಶೋಧನಾ ಕೇಂದ್ರದಲ್ಲಿ ವಿಜ್ಞಾನಿಯಾಗಿದ್ದವರು ಎಂಬುದು ನನಗೆ ಹೆಮ್ಮೆಯ ಸಂಗತಿ.

ಕೋಡಿನಲ್ಲಿ ಆದೇಶ ನೀಲಿ, ಸಂಖ್ಯೆ ಕೆಂಪು, ಟಿಪ್ಪಣಿ ಬೂದು ಕಂಡರೆ ಮಗುವಿನ ಕಣ್ಣು ತಪ್ಪನ್ನು ಬೇಗ ಹಿಡಿಯುತ್ತದೆ. ಇದಕ್ಕೆ ಸಿಂಟ್ಯಾಕ್ಸ್ ಹೈಲೈಟಿಂಗ್ ಎನ್ನುತ್ತಾರೆ. ಕೋಡ್ ಬರೆಯುವ ತಂತ್ರಾಂಶವಾದ ಎಡಿಟರಿಗೆ ಕೋಡಿನ ಅರ್ಥ ತಿಳಿಯಬೇಕಾಗಿಲ್ಲ. ಎಂಥ ಅಕ್ಷರಸಾಲಿಗೆ ಯಾವ ಬಣ್ಣ ಎಂದು ನಿಯಮ ಬರೆದ ಒಂದು ಫೈಲ್ ಕೊಟ್ಟರೆ ಸಾಕು. ವಿಮ್ ಎಡಿಟರಿಗೆ 1998ರಿಂದಲೂ ಹೊಸ ಭಾಷೆಗಳನ್ನು ಹೀಗೇ ಸೇರಿಸುತ್ತಾರೆ.

ಬೇರೆ ಭಾಷೆಯ ಫೈಲನ್ನು ನಕಲು ಮಾಡಿದರೆ ಮಾತ್ರ ನಡೆಯದು. ಸಿ ಭಾಷೆಯಲ್ಲಿ ಉದ್ಧರಣ ಚಿಹ್ನೆ ತೆರೆದರೆ ಮುಚ್ಚಲೇಬೇಕು. ಲೋಗೊದಲ್ಲಿ ಪದದ ಮುಂದೆ ಒಂದೇ ಚಿಹ್ನೆ. ಖಾಲಿ ಜಾಗ ಬಂದಲ್ಲಿ ಪದ ಮುಗಿಯುತ್ತದೆ. ಸಿಯ ನಿಯಮ ಹಾಕಿದರೆ ಮುಚ್ಚುವ ಚಿಹ್ನೆ ಹುಡುಕುತ್ತಾ ಬಣ್ಣ ಮುಂದಿನ ಆದೇಶಗಳನ್ನೂ ನುಂಗಿಬಿಡುತ್ತದೆ.

ಇದಕ್ಕಿಂತ ಕಷ್ಟದ್ದು ನಮ್ಮ ಲಿಪಿಯ ಪ್ರಶ್ನೆ. ‘ಬಲೆ’ ಎಂಬ ಹೆಸರಿಟ್ಟು ಚಿತ್ರ ಬರೆದ ಹುಡುಗಿ ಕೇಳಿದಳು: “ಚಿಕ್ಕಮ್ಮ, ನನ್ನ ಬಲೆ ಯಾಕೆ ಅರ್ಧ ನೀಲಿ?” ‘ಬಲ’ ಎಂಬುದು ಆಮೆಯನ್ನು ಬಲಕ್ಕೆ ತಿರುಗಿಸುವ ಆದೇಶ. ಯೂನಿಕೋಡಿನಲ್ಲಿ ಬ, ಲ ಅಕ್ಷರಗಳ ಗುಂಪಿಗೆ ಸೇರಿದರೆ ಎತ್ವದ ಗುರುತು ಬೇರೆಯೇ ಗುಂಪಿಗೆ ಸೇರಿದೆ. ‘ಮುಂದೆ ಇನ್ನೊಂದು ಅಕ್ಷರವಿಲ್ಲದಿದ್ದರೆ ಪದ ಮುಗಿಯಿತು’ ಎಂಬ ನಿಯಮಕ್ಕೆ ಎತ್ವ ಅಕ್ಷರವಾಗಿ ಕಾಣುವುದಿಲ್ಲ. ಹಾಗಾಗಿ ‘ಬಲ’ದಷ್ಟಕ್ಕೇ ಬಣ್ಣ ಹತ್ತಿತು. ಬ್ರೌಸರಿನ ಜಾವಾಸ್ಕ್ರಿಪ್ಟಿನಲ್ಲಿ ಪದದ ಗಡಿ ಗುರುತಿಸುವ ಸಿದ್ಧ ಚಿಹ್ನೆಯೂ ಪ್ರಯೋಜನಕ್ಕೆ ಬಾರದು: ಅದು ಪದವೆಂದು ಎಣಿಸುವುದು ಇಂಗ್ಲಿಷ್ ಅಕ್ಷರ, ಅಂಕಿ, ಅಡಿಗೆರೆಗಳನ್ನು ಮಾತ್ರ. ಕನ್ನಡ ಆದೇಶಕ್ಕೆ ಬಣ್ಣವೇ ಬೀಳುವುದಿಲ್ಲ.

ಪರಿಹಾರ ದೊಡ್ಡದಲ್ಲ. ಆದೇಶದ ಹಿಂದೆ ಮುಂದೆ ಅಕ್ಷರವಾಗಲಿ, ಸ್ವರಚಿಹ್ನೆಯಾಗಲಿ, ಅರ್ಧಾಕ್ಷರ ಮಾಡುವ ವಿರಾಮ ಚಿಹ್ನೆಯಾಗಲಿ (್) ಇರಕೂಡದು ಎಂದು ನಿಯಮದಲ್ಲಿ ಬರೆಯಬೇಕು. ‘ರಾಜ್‌ಕುಮಾರ್’ ಎಂದು ಟೈಪಿಸುವಾಗ ನಡುವೆ ಬರುವ, ಕಣ್ಣಿಗೆ ಕಾಣದ ಚಿಹ್ನೆಯನ್ನೂ ಆ ಪಟ್ಟಿಗೆ ಸೇರಿಸಬೇಕು. ಅದು ಅಕ್ಷರವೂ ಅಲ್ಲ, ಸ್ವರಚಿಹ್ನೆಯೂ ಅಲ್ಲ. ಕನ್ನಡದಲ್ಲಿ ಕೋಡ್ ಬರೆಯುವ ಮಕ್ಕಳಿಗೆ ಎಡಿಟರ್ ಕಟ್ಟುವವರು ಇಷ್ಟನ್ನು ಮೊದಲ ದಿನವೇ ಮಾಡಿಡಬೇಕು.